ವಸ್ತು ಸಂಖ್ಯೆ 117ರ ಪಕ್ಕದಲ್ಲಿ ನಿಲ್ಲುವ ಬಗ್ಗೆ

ದಿನಾಂಕ: 19ನೇ ಮಾರ್ಚ್ 2024, ಮಂಗಳವಾರ
ಹೊರಡಿಸಿದ ವೇಳೆ: ಸಂಜೆ 4 ಗಂಟೆ 50 ನಿಮಿಷ

ಹಳೆಯ ಹವಾಮಾನ ವೀಕ್ಷಣಾಲಯ, ಸಂರಕ್ಷಿತ ಐತಿಹಾಸಿಕ ತಾಣ
ಸಂಗ್ರಹಪಾಲಕರ ಕಚೇರಿ, ಮೆಟ್ಟಿಲ ಕೆಳಗಿನ ಕೋಣೆ

ಸುತ್ತೋಲೆ ಸಂಖ್ಯೆ: ಹಹವೀ/ದಾನ/117/ತಿದ್ದುಪಡಿ-3/2023-24

ವಿಷಯ: ಖಾಸಗಿ ಸಂಗ್ರಹದಿಂದ ದಾನವಾಗಿ ಬಂದ ಐತಿಹಾಸಿಕ ವಸ್ತುಗಳ ಪೈಕಿ ಸಂಖ್ಯೆ 117ರ ಪಕ್ಕದಲ್ಲಿ ಒಂಬತ್ತು ವರ್ಷದ ಬಾಲಕಿಯೊಬ್ಬಳು ನೆಟ್ಟಗೆ ನಿಲ್ಲಲು ಅನುಮತಿ ನೀಡುವ ಕುರಿತು.

ಉಲ್ಲೇಖ:
1. ದಾನಿಯವರ ದಾನಪತ್ರ, ದಿನಾಂಕ 02-11-2023.
2. ಕೆಳಸಹಿದಾರರ ಸಂಶೋಧನಾ ವರದಿ "ಮರೆತುಹೋದ ಒಂದು ಅಳತೆಮಾನ", 22 ಪುಟ, ರಟ್ಟು ಸಹಿತ.
3. ಬಾಲಕಿಯ ತಾಯಿಯ ಮೌಖಿಕ ಮನವಿ, ದಿನಾಂಕ 14-03-2024, ಬೆಳಿಗ್ಗೆ 10 ಗಂಟೆ 40 ನಿಮಿಷ, ಎರಡನೇ ಕೋಣೆ.
4. ಬಾಲಕಿಯ ಅಜ್ಜಿಯ ಮೌಖಿಕ ಅಭಿಪ್ರಾಯ, ಅದೇ ದಿನ, ಅದೇ ಕೋಣೆ. (ಪೂರ್ಣ ಪಾಠವನ್ನು ಕಡತಕ್ಕೆ ಸೇರಿಸುವುದು ಉಚಿತವಲ್ಲವೆಂದು ತೀರ್ಮಾನಿಸಲಾಗಿದೆ.)
5. ಈ ಸುತ್ತೋಲೆಯ ತಿದ್ದುಪಡಿ-1 ಮತ್ತು ತಿದ್ದುಪಡಿ-2. (ಎರಡನ್ನೂ ಹಿಂಪಡೆಯಲಾಗಿದೆ.)

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಚೇರಿಯ ಸಮಸ್ತ ಸಿಬ್ಬಂದಿಗೆ, ಅಂದರೆ ಟಿಕೆಟ್ ಕೊಡುವವರು, ಕಾವಲುಗಾರರು, ಕಸ ಗುಡಿಸುವವರು ಹಾಗೂ ಕೆಳಸಹಿದಾರರು ಈ ನಾಲ್ವರಿಗೆ, ಕೆಳಗಿನಂತೆ ಸೂಚಿಸಲಾಗಿದೆ. ಕೆಳಸಹಿದಾರರು ತಮಗೆ ತಾವೇ ಸೂಚನೆ ಕೊಟ್ಟುಕೊಳ್ಳುತ್ತಿರುವುದು ಇದೇ ಮೊದಲಲ್ಲ. ಪಾಲಿಸುವ ಉದ್ದೇಶದಿಂದ ಕೊಟ್ಟುಕೊಳ್ಳುತ್ತಿರುವುದು ಮಾತ್ರ ಇದೇ ಮೊದಲು.

1. ಹವಾಮಾನ ಉಪಕರಣಗಳನ್ನು ನಲವತ್ತೊಂದು ವರ್ಷ ರಿಪೇರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು (ಇನ್ನು ಮುಂದೆ 'ದಾನಿ') ತಮ್ಮ ಮನೆಯಲ್ಲಿ ಕೂಡಿಟ್ಟಿದ್ದ ವಾಯುಭಾರ ಮಾಪಕ, ಉಷ್ಣಮಾಪಕ, ಮಳೆಮಾಪಕ ಮುಂತಾದವನ್ನು ನಾಲ್ಕು ಪೆಟ್ಟಿಗೆಗಳಲ್ಲಿ ತುಂಬಿ ಈ ತಾಣಕ್ಕೆ ದಾನ ಮಾಡಿರುತ್ತಾರೆ. ಅವುಗಳಲ್ಲಿ 63 ಉಪಕರಣಗಳನ್ನು ಇದೇ ಕಚೇರಿ ಹಿಂದೊಮ್ಮೆ ಗುಜರಿಗೆ ಹಾಕಿತ್ತೆಂದು ದಾನಿ ಸ್ವಾಗತ ಸಮಾರಂಭದಲ್ಲಿ ತಿಳಿಸಿದರು. ಆ ಹೊತ್ತಿನಲ್ಲಿ ಚಪ್ಪಾಳೆ ತಟ್ಟಲಾಯಿತು.

2. ದಾನಪತ್ರದ ಪ್ರಕಾರ ವಸ್ತುಗಳು 185. ಪೆಟ್ಟಿಗೆ ಬಿಚ್ಚಿ ಎಣಿಸಿದಾಗ 190. ಕೆಳಸಹಿದಾರರು ಭೌತವಿಜ್ಞಾನದ ಸ್ನಾತಕೋತ್ತರ ಪದವೀಧರರಾಗಿದ್ದು, ಎಣಿಕೆಯಲ್ಲಿ ವ್ಯತ್ಯಾಸ ಕಂಡರೆ ಮೂರು ಬಾರಿ ಎಣಿಸಬೇಕೆಂದು ಬಲ್ಲವರು. ಮೂರು ಬಾರಿಯೂ 190 ಬಂದದ್ದರಿಂದ ದಾನಿಗೆ ಎಣಿಸಲು ಬರುವುದಿಲ್ಲವೆಂದು ಷರಾ ಬರೆದು, ಎಲ್ಲಕ್ಕೂ ಸಂಖ್ಯೆ ಹಾಕಲಾಯಿತು. ದಾನಿಯವರನ್ನು ಒಂದು ಮಾತು ಕೇಳಬಹುದಾಗಿತ್ತು. ಹಾಗೆ ಕೇಳಲು ನಿಗದಿತ ನಮೂನೆ ಇರಲಿಲ್ಲ.

3. ಹೆಚ್ಚುವರಿ ಐದು ವಸ್ತುಗಳ ವಿವರ ಈಗ ಸ್ಪಷ್ಟವಾಗಿದೆ. ಸಂಖ್ಯೆ 118 ಹಗ್ಗ. 119 ದಾನಿಯವರ ಊಟದ ಡಬ್ಬಿ. 120 ಟವೆಲ್. 121 ಲಾರಿ ಚಾಲಕರ ಛತ್ರಿ. ಇದನ್ನು ಮಳೆಮಾಪನ ವಿಭಾಗದಲ್ಲಿ ಪ್ರದರ್ಶಿಸಲಾಗಿದ್ದು, ಚಾಲಕರು ಮೂರು ಬಾರಿ ಬಂದು ಗಾಜಿನಾಚೆಯಿಂದ ನೋಡಿಕೊಂಡು ಹೋಗಿದ್ದಾರೆ. ಸಂಖ್ಯೆ 117 ಒಂದು ಹಲಗೆ.

4. ಸದರಿ ಹಲಗೆಯು 1 ಮೀಟರ್ 82 ಸೆಂಟಿಮೀಟರ್ ಉದ್ದವಿದ್ದು, ಮೂರನೇ ಪೆಟ್ಟಿಗೆಯಲ್ಲಿ ಎರಡು ಪಾದರಸದ ಕೊಳವೆಗಳು ಅಲುಗಾಡದಂತೆ ನಡುವೆ ಸಿಗಿಸಲ್ಪಟ್ಟಿತ್ತು. ಅದರ ಒಂದು ಅಂಚಿನಲ್ಲಿ 36 ಪೆನ್ಸಿಲ್ ಗೆರೆಗಳಿವೆ. ಗೆರೆಗಳ ನಡುವಿನ ಅಂತರ ಒಂದೇ ಸಮನಾಗಿಲ್ಲ. ಪಕ್ಕದಲ್ಲಿ "ಗ 7", "ಸ 11", "ಚ 8" ಎಂಬಂಥ ಗುರುತುಗಳಿವೆ. ಇದು ಕಳೆದುಹೋದ ಅಳತೆಮಾನವೊಂದರ ಮೂಲ ಪ್ರತಿಯೆಂದು ಕೆಳಸಹಿದಾರರು ಹನ್ನೊಂದು ವಾರ ದುಡಿದು ಸಾಬೀತುಪಡಿಸಿದರು (ಉಲ್ಲೇಖ 2). ವರದಿಯಲ್ಲಿ ಆ ಮಾನಕ್ಕೆ ಹೆಸರಿಡುವ ಜಾಗವನ್ನು ಖಾಲಿ ಬಿಡಲಾಗಿತ್ತು. ಓದಿದವರು ಯಾರಾದರೂ ಕೆಳಸಹಿದಾರರ ಹೆಸರನ್ನೇ ಸೂಚಿಸಿದರೆ ಬೇಡವೆನ್ನದಿರಲು ಅವರು ಮಾನಸಿಕವಾಗಿ ಸಿದ್ಧರಾಗಿದ್ದರು. ಓದಿದವರು ಯಾರೂ ಇಲ್ಲದ ಕಾರಣ ಆ ಜಾಗ ಇಂದಿಗೂ ಖಾಲಿ ಇದೆ.

5. ಹಲಗೆಯನ್ನು ಎರಡನೇ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ, ಎರಡು ಹಿತ್ತಾಳೆ ಕಂಬಗಳ ಮೇಲೆ, ಅಡ್ಡಲಾಗಿ ಮಲಗಿಸಿ, ಮೇಲೊಂದು ದೀಪ ಹಾಕಿ ಪ್ರದರ್ಶಿಸಲಾಯಿತು. ಉದ್ಘಾಟನೆಯ ದಿನ ದಾನಿ ಅದರ ಮುಂದೆ ಒಂಬತ್ತು ನಿಮಿಷ ನಿಂತಿದ್ದು, "ಇದನ್ನ ನಾನು ಕೊಟ್ಟೆನಾ?" ಎಂದು ಕೇಳಿದರು. "ಕೊಟ್ಟಿದ್ದೀರಿ ಸಾರ್, ನಿಮ್ಮ ಸಂಗ್ರಹಕ್ಕೆಲ್ಲ ಇದೇ ಕಳಶ" ಎಂದು ಕೆಳಸಹಿದಾರರು ಉತ್ತರಿಸಿದರು. ದಾನಿಯ ಮುಖ ಬಿಳಿಚಿಕೊಂಡಿತು. ಅದನ್ನು ಕೃತಜ್ಞತೆ ಎಂದು ದಾಖಲಿಸಲಾಗಿದೆ. ದಾನಿ ಈ ವಿಷಯವನ್ನು ಮನೆಯಲ್ಲಿ ಹೇಳಲಿಲ್ಲ. ಹೇಳದಿದ್ದುದಕ್ಕೆ ಕಾರಣಗಳನ್ನು ಅವರ ಪತ್ನಿಯನ್ನು ಒಮ್ಮೆ ನೋಡಿದ ಯಾರೂ ಕೇಳಲಾರರು.

6. ದಿನಾಂಕ 14-03-2024ರಂದು ಮನೆಯಲ್ಲಿ ಹಲಗೆ ಹುಡುಕಿ ಸಿಗದೆ, ದಾನಿಯವರಿಂದ ಸತ್ಯ ಹೊರಡಿಸಿ, ಅವರ ಪತ್ನಿ, ಮಗಳು ಹಾಗೂ ಮಗಳ ಮಗಳು ಟಿಕೆಟ್ ಪಡೆದು ಒಳಬಂದು, ನೇರವಾಗಿ 117ರ ಮುಂದೆ ನಿಂತರು. ಆಗ ವ್ಯಕ್ತವಾದ ಅಭಿಪ್ರಾಯಗಳ ಪೈಕಿ ಕಡತಕ್ಕೆ ಯೋಗ್ಯವಾದವು:
(ಅ) ಅಜ್ಜಿ: "ಮನೇಲಿ ಇಷ್ಟೊಂದು ಹಲಗೆ ಬಿದ್ದಿವೆ, ಈ ಮನುಷ್ಯರಿಗೆ ಪೆಟ್ಟಿಗೆಗೆ ಸಿಗಿಸೋಕೆ ಇದೇ ಬೇಕಾಗಿತ್ತಾ? ಅವರಿಗೆ ಕಣ್ಣಿಲ್ಲ ಸರಿ, ನಿಮಗೂ ಇಲ್ವಾ?"
(ಆ) ಬಾಲಕಿ: "ಅಜ್ಜಿ, ನಮ್ಮ ಹಲಗೆ ಯಾಕೆ ಮಲಗಿದೆ? ಅದಕ್ಕೂ ಹುಷಾರಿಲ್ವಾ?"
(ಇ) ತಾಯಿ: "ಸಾರ್, ಇದು ನಮ್ಮ ಮನೆ ಮಕ್ಕಳ ಎತ್ತರದ ಹಲಗೆ. ಹುಟ್ಟಿದ ದಿನ ಬಂದಾಗಲೆಲ್ಲ ಅಮ್ಮ ಗೆರೆ ಎಳೀತಾರೆ. ನಂದು, ಅಣ್ಣಂದು, ಇವಳದು. ಇವಳದು ನಮಗೆ ಈಗ ಬೇಕೇ ಬೇಕು."

7. ಬೇಕಾಗಿರುವ ಕಾರಣವನ್ನು ಸಿಬ್ಬಂದಿಯ ಅವಗಾಹನೆಗಾಗಿ ಇಲ್ಲಿ ನಮೂದಿಸಲಾಗಿದೆ. ಬಾಲಕಿಯು ಆರರಿಂದ ಎಂಟನೇ ವಯಸ್ಸಿನವರೆಗೆ ಬೆಳೆದದ್ದು ತೀರಾ ಕಡಿಮೆ. ಕಳೆದ ವರ್ಷದ ಗೆರೆ ಎಳೆಯುವಾಗ ಅಜ್ಜಿಯ ಗಮನಕ್ಕೆ ಬಂದು, ಮರುವಾರವೇ ವೈದ್ಯರು ಪ್ರತಿದಿನ ಬೆಳಿಗ್ಗೆ ನುಂಗಲು ಒಂದು ಮಾತ್ರೆ ಬರೆದುಕೊಟ್ಟರು. ಅವರ ಚೀಟಿಯಲ್ಲಿ ತೂಕ ಬರೆದಿದೆ. ಎತ್ತರದ ಜಾಗ ಖಾಲಿ. ಈಗ ನೋಡುತ್ತಿರುವ ಮಕ್ಕಳ ವೈದ್ಯರು ಕೇಳುತ್ತಿರುವುದು ಒಂದೇ: ಈ ಒಂದು ವರ್ಷದಲ್ಲಿ ಮಗು ಎಷ್ಟು ಬೆಳೆದಿದೆ? ನಾಲ್ಕು ಸೆಂಟಿಮೀಟರಿಗಿಂತ ಕಡಿಮೆಯಾದರೆ ದೊಡ್ಡ ಆಸ್ಪತ್ರೆಗೆ ಸೇರಿಸಿ, ಸೂಜಿ ಚುಚ್ಚಿ ಹಲವು ಪರೀಕ್ಷೆ ಮಾಡಬೇಕು. ಹೆಚ್ಚಾದರೆ ಇದೇ ಮಾತ್ರೆ ಸಾಕು. ಉತ್ತರವನ್ನು 20ನೇ ತಾರೀಖಿನೊಳಗೆ, ಅದೇ ಹಲಗೆಯಿಂದ, ಅದೇ ರೀತಿಯಲ್ಲಿ ಅಳೆದು ತರಬೇಕೆಂದು ವೈದ್ಯರು ಹೇಳಿದ್ದಾರೆ. ಮಾಪಕ ಬದಲಾದರೆ ಅಳತೆಯೂ ಜಾರುತ್ತದೆ ಎಂಬ ಈ ಮಾತನ್ನು ಕೆಳಸಹಿದಾರರು ಅಲ್ಲಗಳೆಯಲಾರರು. ಇದನ್ನೇ ಅವರು ಪ್ರತಿವರ್ಷ ತರಬೇತಿಗೆ ಬರುವವರಿಗೆ ಒಂದೂವರೆ ಗಂಟೆ ಬೋಧಿಸುತ್ತಾರೆ.

8. ಕೆಳಸಹಿದಾರರು ತಕ್ಷಣವೇ ನೆರವಾಗುವ ಉದ್ದೇಶದಿಂದ ತಾಯಿಗೆ ತಮ್ಮ ವರದಿಯ ಒಂದು ಪ್ರತಿಯನ್ನು ನೀಡಿದರು. ಅದರಲ್ಲಿ 36 ಗೆರೆಗಳ ಸ್ಥಾನವೂ ಇದೆ. ಆದರೆ ಎಲ್ಲವನ್ನೂ ಹೊಸದಾಗಿ ಕಂಡುಹಿಡಿದ ಮಾನದಲ್ಲಿ ಕೊಡಲಾಗಿದ್ದು, ಒಂದು ಮಾನಕ್ಕೆ ಎಷ್ಟು ಸೆಂಟಿಮೀಟರ್ ಎಂಬುದು ಗೆರೆಯಿಂದ ಗೆರೆಗೆ ಬದಲಾಗುತ್ತದೆ. ತಾಯಿ ಎರಡು ಪುಟ ಓದಿ, ಬಹಳ ಸೌಜನ್ಯದಿಂದ ಮಡಚಿ ಹಿಂದಿರುಗಿಸಿದರು.

9. ಸಂಖ್ಯೆ ಬಿದ್ದ ವಸ್ತುವು ಸಮಿತಿಯ ನಿರ್ಣಯವಿಲ್ಲದೆ ತಾಣದ ಹೊಸ್ತಿಲು ದಾಟುವಂತಿಲ್ಲ. ಸಮಿತಿಯ ಮುಂದಿನ ಸಭೆ ಸೆಪ್ಟೆಂಬರಿನಲ್ಲಿ. ಆದ್ದರಿಂದ ಹಲಗೆ ಮಗುವಿನ ಬಳಿ ಹೋಗುವ ಬದಲು ಮಗುವೇ ಹಲಗೆಯ ಬಳಿ ಬರತಕ್ಕದ್ದೆಂದು ನಿರ್ಧರಿಸಿ, ಈ ಕೆಳಗಿನ ಷರತ್ತುಗಳನ್ನು ವಿಧಿಸಲಾಯಿತು.

10. ತಿದ್ದುಪಡಿ-1ರ ಪ್ರಕಾರ, ಪ್ರದರ್ಶಿತ ವಸ್ತುವಿನ ಭಂಗಿಯನ್ನು ಬದಲಿಸುವಂತಿಲ್ಲವಾದ್ದರಿಂದ, ಬಾಲಕಿಯೇ ನೆಲದ ಮೇಲೆ ಹಲಗೆಗೆ ಸಮಾನಾಂತರವಾಗಿ ಮಲಗತಕ್ಕದ್ದು ಎಂದಿತ್ತು. ಅಜ್ಜಿಯವರು, "ಮಗೂನ ಯಾಕ್ರೀ ಮಲಗಿಸ್ತೀರಾ, ಹಲಗೇನ ಎಬ್ಬಿಸ್ರೀ!" ಎಂದು ತಾಂತ್ರಿಕ ಆಕ್ಷೇಪಣೆ ಸಲ್ಲಿಸಿದರು. ಮಲಗಿದ ಮನುಷ್ಯನ ಉದ್ದ ನಿಂತ ಎತ್ತರಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಹೆಚ್ಚು ಬರುತ್ತದೆಂದು ಕೆಳಸಹಿದಾರರಿಗೂ ಆಮೇಲೆ ನೆನಪಾಯಿತು. ಕಾವಲುಗಾರರನ್ನು ಮಲಗಿಸಿ, ಎಬ್ಬಿಸಿ ಪರೀಕ್ಷಿಸಲಾಯಿತು. ಅವರನ್ನು ಎಬ್ಬಿಸಲು ಮಲಗಿಸಿದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

11. ತಿದ್ದುಪಡಿ-2ರ ಪ್ರಕಾರ ಬಾಲಕಿಯ ಪ್ರವೇಶಕ್ಕೆ ಅರ್ಜಿ ತುಂಬಬೇಕಾಗಿತ್ತು. ಅರ್ಜಿಯಲ್ಲಿ 'ಸಂಶೋಧಕರು', 'ಗಣ್ಯ ಅತಿಥಿಗಳು', 'ವಸ್ತು' ಎಂಬ ಮೂರೇ ಕಲಮುಗಳಿರುವುದರಿಂದ ಬಾಲಕಿಯನ್ನು ತಾತ್ಕಾಲಿಕ ಎರವಲು ವಸ್ತುವೆಂದು ನಮೂದಿಸಿ ತಾಯಿಗೆ ರಸೀದಿ ನೀಡಲಾಯಿತು. ಸ್ಥಿತಿ: ಉತ್ತಮ. ನ್ಯೂನತೆ: ಮೇಲ್ಸಾಲಿನಲ್ಲಿ ಒಂದು ಹಲ್ಲು ಇಲ್ಲ, ಬರುವಾಗಲೇ ಇರಲಿಲ್ಲ. ಇದಾದ ಮೇಲೆ ಬಾಲಕಿಯು ತನಗೆ ಸಂಖ್ಯೆ ಎಲ್ಲಿ ಅಂಟಿಸುತ್ತೀರೆಂದು ಕೇಳಿದಳು. ತಿದ್ದುಪಡಿಯನ್ನು ಹಿಂಪಡೆಯಲಾಗಿದೆ.

12. ಈ ನಡುವೆ ದಾನಿಯವರು 14ನೇ ತಾರೀಖಿನಿಂದ ಪ್ರತಿದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡನೇ ಕೋಣೆಯ ಬೆಂಚಿನ ಮೇಲೆ ಕುಳಿತಿರುವುದು ಕಂಡುಬಂದಿದೆ. ವಿಚಾರಿಸಿದಾಗ, "ಹಲಗೆ ಇಲ್ಲದೆ ಮನೆಗೆ ಕಾಲಿಡಬೇಡಿ ಅಂದಿದ್ದಾಳೆ ಸಾರ್. ನನಗೂ ಒಂದು ನಂಬರ್ ಹಾಕಿಬಿಡಿ, ಇಲ್ಲೇ ಇರ್ತೀನಿ" ಎಂದಿದ್ದಾರೆ. ಅವರಿಗೆ ಸಂಖ್ಯೆ 119ನ್ನು ಮಧ್ಯಾಹ್ನ ಒಂದು ಗಂಟೆಯಿಂದ ಒಂದೂವರೆವರೆಗೆ ಬಳಸಲು ಅವಕಾಶ ಕಲ್ಪಿಸಲಾಗಿದೆ.

13. ಮೇಲಿನ ಎಲ್ಲವನ್ನೂ ಪರಿಶೀಲಿಸಿ, ಈ ದಿನ ಸಂಜೆ 4 ಗಂಟೆ 20 ನಿಮಿಷಕ್ಕೆ ನಡೆದುಹೋದ ಕಾರ್ಯಕ್ಕೆ ಈ ಮೂಲಕ ಘಟನೋತ್ತರ ಅನುಮತಿ ನೀಡಲಾಗಿದೆ. ನಡೆದದ್ದು ಹೀಗೆ:
(ಅ) ಗಾಜಿನ ಪೆಟ್ಟಿಗೆಯನ್ನು ತೆರೆಯಲಾಯಿತು. ಬೀಗದ ಕೈ ಕೆಳಸಹಿದಾರರ ಜೇಬಿನಲ್ಲೇ ಐದು ದಿನದಿಂದ ಇತ್ತು.
(ಆ) ಹಲಗೆಯನ್ನು ಎಬ್ಬಿಸಿ ಗೋಡೆಗೆ ಆನಿಸಿ, ತಳ ನೆಲಕ್ಕೆ ತಾಗಿಸಿ, ನೆಟ್ಟಗೆ ನಿಂತಿದೆಯೆಂದು ರಸಮಟ್ಟದಿಂದ ಖಚಿತಪಡಿಸಿಕೊಳ್ಳಲಾಯಿತು. ಮೇಲೆ ಯಾವುದು, ಕೆಳಗೆ ಯಾವುದು ಎಂದು ಬಾಲಕಿ ತೋರಿಸಿಕೊಟ್ಟಳು. ವರದಿಯಲ್ಲಿ ಅದು ತಲೆಕೆಳಗಾಗಿದೆ.
(ಇ) ಬಾಲಕಿಯು ಚಪ್ಪಲಿ ಬಿಚ್ಚಿ, ಹಿಮ್ಮಡಿ ಹಲಗೆಗೆ ತಾಗಿಸಿ ನಿಂತಳು. ತುದಿಗಾಲಲ್ಲಿ ನಿಲ್ಲುವುದನ್ನು ನಿಷೇಧಿಸಲಾಗಿತ್ತು. ಮೊದಲ ಸಲ ಆ ನಿಷೇಧ ಮೀರಿದ್ದು ಬಾಲಕಿಯಲ್ಲ. ಪಕ್ಕದಲ್ಲಿ ನಿಂತು ತಾವೇ ಎತ್ತರವಾದರೆ ಅವಳೂ ಆಗುವಳೇನೋ ಎಂಬಂತೆ ಹಿಮ್ಮಡಿ ಎತ್ತಿದ ತಾಯಿ. ದಾನಿಯವರೂ ಎತ್ತಿದ್ದರು. ಕೆಳಸಹಿದಾರರ ಬಗ್ಗೆ ವಿಚಾರಣೆ ಅನಗತ್ಯ.
(ಈ) ತಲೆಯ ಮೇಲೆ ಸಮತಟ್ಟಾಗಿ ಇಡಲು ಗಟ್ಟಿ ರಟ್ಟಿನ ಪುಸ್ತಕವೊಂದು ಬೇಕಾಯಿತು. ಕಚೇರಿಯಲ್ಲಿ ಅಂಥದ್ದು ಉಲ್ಲೇಖ 2 ಒಂದೇ ಇತ್ತು. ಪ್ರಕಟವಾದ ನಂತರ ಅದು ಪ್ರಯೋಜನಕ್ಕೆ ಬಂದದ್ದು ಇದೇ ಮೊದಲೆಂದು ಹರ್ಷದಿಂದ ದಾಖಲಿಸಲಾಗಿದೆ.
(ಉ) ಐತಿಹಾಸಿಕ ವಸ್ತುವಿನ ಮೇಲೆ ಗೀಚುವುದು ಶಿಕ್ಷಾರ್ಹ. ಆದರೆ ಹಿಂದಿನ 36 ಗೆರೆಗಳನ್ನು ಎಳೆದ ಕೈಯೇ 37ನೆಯದನ್ನೂ ಎಳೆದರೆ ಅದನ್ನು ಗೀಚುವಿಕೆ ಎನ್ನಲಾಗದೆಂದು ತೀರ್ಮಾನಿಸಿ, ಅಜ್ಜಿಯವರನ್ನು ಎರಡು ನಿಮಿಷಗಳ ಅವಧಿಗೆ ಗೌರವ ತಂತ್ರಜ್ಞರನ್ನಾಗಿ ನೇಮಿಸಲಾಯಿತು. ಅವರು ಪೆನ್ಸಿಲನ್ನು ಎರಡು ಸಲ ಚೂಪು ಮಾಡಿಕೊಂಡಿದ್ದರಿಂದ ಅವಧಿಯನ್ನು ನಾಲ್ಕು ನಿಮಿಷಕ್ಕೆ ವಿಸ್ತರಿಸಲಾಯಿತು.

14. ಉಲ್ಲೇಖ 2ರ ವರದಿಯನ್ನು ಈ ಮೂಲಕ ಹಿಂಪಡೆಯಲಾಗಿದೆ. ಮುಖ್ಯ ತಿದ್ದುಪಡಿಗಳು: ಪುಟ 6ರಲ್ಲಿ ವರ್ತಕರ ಸಂಕೇತಗಳೆಂದು ಹೇಳಲಾದ ಅಕ್ಷರಗಳು ಮಕ್ಕಳ ಹೆಸರಿನ ಮೊದಲಕ್ಷರಗಳು. ಪುಟ 9ರಲ್ಲಿ ರಾಜಮುದ್ರೆ ಎನ್ನಲಾದ ಕಿರೀಟದ ಚಿತ್ರವು ಬಾಲಕಿಯ ತಾಯಿ ತನ್ನ ಹನ್ನೊಂದನೇ ವಯಸ್ಸಿನಲ್ಲಿ, ಅಣ್ಣನನ್ನು ಎತ್ತರದಲ್ಲಿ ಮೀರಿಸಿದ ದಿನ, ತಾನೇ ಬರೆದುಕೊಂಡದ್ದು. ಪುಟ 14ರಲ್ಲಿ, 110ರಿಂದ 114 ಸೆಂಟಿಮೀಟರುಗಳ ನಡುವೆ "ಚ" ಗುರುತಿನ ಮೂರು ಗೆರೆಗಳು ಒತ್ತೊತ್ತಾಗಿರುವುದನ್ನು ಕಂಡು, 'ಈ ಭಾಗದಲ್ಲಿ ಹಿಂದಿನವರು ಅಸಾಧಾರಣ ನಿಖರತೆಯನ್ನು ಸಾಧಿಸಿದ್ದರು' ಎಂದು ಬರೆಯಲಾಗಿದೆ. ಆ ವರ್ಷಗಳಲ್ಲಿ ಮಗು ಬೆಳೆದಿರಲಿಲ್ಲ ಎಂದು ಓದಿಕೊಳ್ಳತಕ್ಕದ್ದು. ಈ ಸಾಲಿಗಾಗಿ ಕೆಳಸಹಿದಾರರು ಕ್ಷಮೆ ಕೋರುತ್ತಾರೆ. ಇದಕ್ಕೆ ನಮೂನೆ ಇಲ್ಲದ್ದರಿಂದ ಬಾಯಿಮಾತಿನಲ್ಲೇ ಕೋರಲಾಗಿದೆ.

15. ಇನ್ನು ಮುಂದೆ ದಾನದ ಪೆಟ್ಟಿಗೆ ಬಂದಾಗ ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು, "ಇದು ಕೊಟ್ಟದ್ದಾ, ಮರೆತದ್ದಾ?" ಎಂದು ದಾನಿಯ ಎದುರು ಕೇಳತಕ್ಕದ್ದು. ದಾನಿಯ ಪತ್ನಿ ಹಾಜರಿದ್ದರೆ ಅವರನ್ನೇ ಕೇಳತಕ್ಕದ್ದು.

16. ಹಲಗೆಯ ಕೆಳಗಿನ ಫಲಕವನ್ನು ಬದಲಿಸಿ "ಒಂದು ಮನೆಯ ಮಕ್ಕಳು. ಬಳಕೆಯಲ್ಲಿದೆ." ಎಂದು ಬರೆಯಿಸತಕ್ಕದ್ದು. ಸೆಪ್ಟೆಂಬರಿನವರೆಗೆ ಹಲಗೆಯನ್ನು ನಿಲ್ಲಿಸಿಯೇ ಇಡತಕ್ಕದ್ದು.

(ಸಹಿ)
ಸಂಗ್ರಹಪಾಲಕ ಹಾಗೂ ಮರೆತುಹೋದ ಅಳತೆಮಾನದ ಮಾಜಿ ಶೋಧಕ

ಪ್ರತಿಗಳು:
1. ಸಮಿತಿಯ ಅಧ್ಯಕ್ಷರಿಗೆ, ಸೆಪ್ಟೆಂಬರಿನಲ್ಲಿ ಓದಿಕೊಳ್ಳುವಂತೆ ಕೋರಿ.
2. ಕಾವಲುಗಾರರಿಗೆ, ಎದ್ದ ಮೇಲೆ.
3. ಲಾರಿ ಚಾಲಕರಿಗೆ, ಛತ್ರಿಯ ಕುರಿತು ಪ್ರತ್ಯೇಕ ಸುತ್ತೋಲೆ ಬರಲಿದೆ ಎಂಬ ಭರವಸೆಯೊಂದಿಗೆ.
4. ದಾನಿಯವರ ಪತ್ನಿಗೆ, ದಾನಿಯವರನ್ನು ಮನೆಗೆ ಸೇರಿಸಿಕೊಳ್ಳುವಂತೆ ಶಿಫಾರಸು ಮಾಡಿ.
5. ಕಚೇರಿ ಕಡತಕ್ಕೆ.
6. ಮಕ್ಕಳ ವೈದ್ಯರಿಗೆ, ವರದಿ ಇಲ್ಲದೆ, ಅಂಕಿ ಮಾತ್ರ. ಕಳೆದ ವರ್ಷದ ಗೆರೆಯಿಂದ ಈ ದಿನದ ಗೆರೆಗೆ, ಮೂರು ಬಾರಿ ಅಳೆದಾಗ ಮೂರು ಬಾರಿಯೂ: 6.8 ಸೆಂಟಿಮೀಟರ್.