ಅತ್ತೆಯ ರಟ್ಟೆಗೆ ಸೊಸೆಯ ಬಿ.ಪಿ.

ಕೋಡ್ಲಾ ಕಡೆಯ ಊರೊಂದರಲ್ಲಿ ನಾನು ನರ್ಸ್. ಬಸುರಿಯರನ್ನು ಹುಡುಕಿ ತಪಾಸಣೆ ಮಾಡುವುದು ನನ್ನ ಕೆಲಸ. ಹಲ್ಲು ಕಡಿದುಕೊಂಡು ನಗಬೇಕಾದ ಪ್ರಸಂಗಗಳಿಗೆ ಇಲ್ಲಿ ಕಡಿಮೆಯಿಲ್ಲ. ಈ ನಾಲ್ಕೂ ಒಂದೇ ಮನೆಯವು.

ದೃಷ್ಟಿ

ಆ ಮನೆಯ ಸೊಸೆಗೆ ಐದು ತಿಂಗಳು. ಕಿರಾಣಿ ಅಂಗಡಿಯವನಿಗೆ ಗೊತ್ತು, ಬಳೆಗಾರ್ತಿಗೆ ಗೊತ್ತು, ಸೇಡಂ ಬಸ್ಸಿನ ಕಂಡಕ್ಟರಿಗೂ ಗೊತ್ತು. ಎರಡು ಸಲ ಮನೆಗೇ ಹೋಗಿ ಕೇಳಿದ ನನಗೆ ಮಾತ್ರ ಅತ್ತೆ "ಏನಿಲ್ರಿ" ಎಂದಿದ್ದಳು.

"ಯಾಕ ಮುಚ್ಚಿಟ್ಟಿ?" ಎಂದು ರೇಗಿದೆ.

"ದೃಷ್ಟಿ ಆಗ್ತದಂತ್ರಿ."

"ಊರಿಗೆಲ್ಲ ಗೊತ್ತದ!"

"ಊರ ಮಂದಿ ಬರೇ ನೋಡ್ತಾರ ನರ್ಸ್ ಬಾಯಾರ. ನೀವು ನೋಡಿ ಬರಕೋತೀರಿ. ಅದು ಭಾಳ ತಾಗ್ತದ."

ರಟ್ಟೆ

ತಪಾಸಣೆಯ ದಿನ ಸೊಸೆ ಬರಲಿಲ್ಲ. ಬಸುರಿಯರಿಗೆಂದು ನಾನು ಬರೆದುಕೊಟ್ಟಿದ್ದ ಅವಳ ‘ತಾಯಿ ಕಾರ್ಡ್’ ಹಿಡಿದು ಅತ್ತೆ ಬಂದಳು.

"ಆಕಿ ತೊಗರಿ ಕೊಯ್ಲಿಕ್ಕ ಹೋಗ್ಯಾಳ್ರಿ. ನಂದು ಬಿ.ಪಿ. ನೋಡ್ರಿ" ಎಂದು ರಟ್ಟೆ ಚಾಚಿದಳು.

"ನಿಂದು ನೋಡಿ ಆಕಿ ಕಾರ್ಡಿನಾಗ ಬರೀಲೇನು?"

"ಒಂದೇ ಒಲಿ ರೊಟ್ಟಿ ತಿಂತೀವ್ರಿ. ಎಷ್ಟ ಫರಕ ಆಗ್ತದ?"

ಪಂಚಾಯತಿ

ಮೈ ಉರಿದು ನಾನೇ ಹೊಲಕ್ಕೆ ಹೋದೆ. ಹುಡುಗಿಯ ರೆಪ್ಪೆಯೊಳಗೆ ಕೆಂಪೇ ಇಲ್ಲ. ಬೆರಳು ಚುಚ್ಚಿ ನೋಡಿದರೆ ಇರಬೇಕಾದ ರಕ್ತದಲ್ಲಿ ಅರ್ಧವೂ ಇಲ್ಲ. ಸಂಜೆ ಮನೆಗೆ ಹೋಗಿ ನೇರವಾಗಿ ಹೇಳಿದೆ: "ಸೇಡಂ ದವಾಖಾನಿಗೆ ಕರಕೊಂಡು ಹೋಗ್ರಿ. ಇಲ್ಲಂದ್ರ ಹೆರಿಗಿಯಾಗ ಜೀವ ಹೋಗ್ತದ."

ಗಂಡ ಅಂದ, "ಅಪ್ಪ ಹೇಳಬೇಕ್ರಿ."

ಮಾವ ಅಂದ, "ನಮ್ಮ ಅಣ್ಣ ಹೇಳಬೇಕ್ರಿ."

ಆ ಅಣ್ಣ ಬೀಡಿ ಆರಿಸಿ ಅಂದ, "ಇದು ಹೆಂಗಸರ ಕೆಲಸ. ಆಕಿ ಅತ್ತಿನ್ನ ಕೇಳ್ರಿ."

ಅತ್ತೆ ಅಂದಳು, "ಗಂಡಸರು ಅದಾರಲ್ರಿ, ನಂದೇನು?"

"ಹಂಗಾದ್ರ ಸೊಸಿನ್ನೇ ಕೇಳೋಣು" ಎಂದೆ. ನಾಲ್ವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತು ನಾನು ಹೇಳಿದ್ದರಲ್ಲಿ ಅವರ ತಲೆಗೆ ಹೋದದ್ದು ಅದೊಂದೇ ಮಾತು, ಅದೂ ಜೋಕಾಗಿ.

ಆಟೋ

ಮುಂದಿನ ವಾರ ಅತ್ತೆ ಮತ್ತೆ ಕಾರ್ಡ್ ಹಿಡಿದು ಬಂದು ರಟ್ಟೆ ಚಾಚಿದಳು. ಸಿಟ್ಟಿನಲ್ಲೇ ಪಟ್ಟಿ ಸುತ್ತಿದೆ. ನೂರಾ ತೊಂಬತ್ತು! ಯಂತ್ರ ಕೆಟ್ಟಿದೆಯೇನೋ ಎಂದು ನನ್ನದೂ ನೋಡಿಕೊಂಡೆ. ಯಂತ್ರ ಸರಿಯಿತ್ತು.

"ಈಗಿಂದೀಗ ಸೇಡಂಗ ಹೋಗಬೇಕು" ಎಂದು ಮನೆಗೆ ಹೇಳಿಕಳಿಸಿದೆ. ಹತ್ತು ನಿಮಿಷದಲ್ಲಿ ಆಟೋ ಬಂತು. ಮಗ ಅಪ್ಪನನ್ನು ಕೇಳಲಿಲ್ಲ, ಅಪ್ಪ ಅಣ್ಣನನ್ನು ಕೇಳಲಿಲ್ಲ. ತೊಗರಿ ಹೊಲದಲ್ಲೇ ನಿಂತಿತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬುದ್ಧಿಯೂ ಓಡಿತು. "ಮುದುಕಿ ಕೈ ಹಿಡಿಲಿಕ್ಕ ಒಬ್ಬ ಹೆಂಗಸು ಬೇಕು, ಸೊಸಿನ್ನ ಕೂಡಸ್ರಿ" ಎಂದೆ. ಕೂರಿಸಿದರು. ನಾನೂ ಹತ್ತಿದೆ.

ಡಾಕ್ಟರಮ್ಮ ಅತ್ತೆಗೆ ಮಾತ್ರೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದರು. ಸೊಸೆಯ ರೆಪ್ಪೆ ಎಳೆದು ನೋಡಿದವರೇ ಅವಳನ್ನು ಹಾಸಿಗೆಗೆ ಹಾಕಿ, ರಕ್ತ ಏರಿಸಲು ಹೇಳಿದರು. ಆಮೇಲೆ ನನ್ನಷ್ಟೇ ಜೋರಾಗಿ ಅವಳನ್ನು ಬೈದರು: "ಆರು ತಿಂಗಳಾಯ್ತು! ಇಷ್ಟು ದಿನ ಯಾಕ ಬರಲಿಲ್ಲ?"

ಹುಡುಗಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದಳು:

"ನಮ್ಮ ಅತ್ತಿಯವರಿಗೆ ಆರಾಮ ತಪ್ಪಿದ್ದು ಇವತ್ತೇ ನೋಡ್ರಿ."