ಖಾಲಿ ಟ್ಯಾಂಕಿನ ಸಿದ್ಧಾಂತ

ಪೆಟ್ರೋಲ್ ಬೆಲೆ ಮತ್ತೆ ಏರಿತೆಂದು ಓದಿದ ದಿನ ನಾನು ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿದೆ. ಸುಮ್ಮನೆ ಗೊಣಗಿ ಪೇಪರ್ ಮಡಚಿಡುವ ಸ್ವಭಾವ ನನ್ನದಲ್ಲ. ಗ್ರಾಹಕನಾದವನು ತನ್ನ ಮಟ್ಟಿಗೆ ಏನು ಮಾಡಬಹುದು ಎಂದು ಯೋಚಿಸಬೇಕು. ಯೋಚಿಸಿದೆ. ಅಲ್ಲಿಂದಲೇ ಶುರುವಾಯಿತು ನೋಡಿ ಅನಾಹುತ!

ಮೊದಲನೆಯದಾಗಿ, ಪೆಟ್ರೋಲನ್ನು ಬೆಳಗಿನ ತಂಪಿನಲ್ಲೇ ಹಾಕಿಸಬೇಕು. ತಂಪಿಗೆ ಅದು ಗಟ್ಟಿಯಾಗಿರುತ್ತದೆ, ಅದೇ ಲೀಟರಿಗೆ ಹೆಚ್ಚು ಬರುತ್ತದೆ ಎಂದು ಪಾರ್ಕಿಗೆ ವಾಕಿಂಗ್ ಬರುವ ಹಿರಿಯರೊಬ್ಬರು ಹೇಳಿದ್ದರು. ಬನಶಂಕರಿಯ ನಮ್ಮ ಬಂಕಿನ ಹುಡುಗಿಗೆ ಇದನ್ನು ವಿವರಿಸಿದೆ. ಅವಳು, “ಸಾರ್, ಟ್ಯಾಂಕ್ ಇರೋದು ನೆಲದೊಳಗೆ. ಅದಕ್ಕೆ ಬೆಳಿಗ್ಗೆನೂ ಒಂದೇ, ಮಧ್ಯಾಹ್ನನೂ ಒಂದೇ. ಜೀರೋ ನೋಡ್ಕೊಳಿ” ಎಂದಳು. ವಿಜ್ಞಾನ ತಿಳಿಯದವಳೆಂದು ಕ್ಷಮಿಸಿದೆ.

ಎರಡನೆಯದು ನನ್ನ ಸ್ವಂತ ಸಂಶೋಧನೆ. ಟ್ಯಾಂಕ್ ತುಂಬಿದರೆ ಕಾರು ಭಾರ. ಆ ಭಾರ ಎಳೆಯಲು ಮತ್ತೆ ಪೆಟ್ರೋಲ್ ಬೇಕು. ಅಂದರೆ ಪೆಟ್ರೋಲ್ ಹೊರುವುದಕ್ಕೇ ಪೆಟ್ರೋಲ್ ಸುಡುತ್ತಿದ್ದೇವೆ! ಆದ್ದರಿಂದ ಟ್ಯಾಂಕನ್ನು ಸದಾ ಖಾಲಿಯ ಹತ್ತಿರಹತ್ತಿರದಲ್ಲಿ ಇಟ್ಟುಕೊಳ್ಳುವುದೇ ಜಾಣತನ.

“ರೀ, ಮುಳ್ಳು ಪೂರ್ತಿ ಮಲಗಿದ್ಯಲ್ರೀ?” ಎಂದಳು ನನ್ನ ಹೆಂಡತಿ ಸುಮ.

“ಮಲಗಿಲ್ಲ ಕಣೇ. ಕಾರು ಹಗುರಾಗಿದೆ.”

“ನಿಮ್ ತಲೆನೂ ಹಗುರಾಗಿದೆ.”

ಮೂರನೆಯದು, ಖಾಲಿ ಸೀಟು ಎಂದರೆ ಪೋಲಾದ ಪೆಟ್ರೋಲ್. ಎಲ್ಲಿಗೆ ಹೊರಟರೂ ಅಕ್ಕಪಕ್ಕದವರನ್ನು ಹತ್ತಿಸಿಕೊಳ್ಳಬೇಕು. ಇದನ್ನು ಬೀದಿಯ ಪ್ರತಿ ಗೇಟಿನ ಮುಂದೆಯೂ ನಿಂತು ಉಪದೇಶಿಸಿದೆ. ಎಲ್ಲರೂ ತಲೆಯಾಡಿಸಿದರು. ಯಾರೂ ಕಾರು ಹತ್ತಲಿಲ್ಲ.

ಹೀಗಿರುವಾಗ ಸುಮಳ ತಮ್ಮ ರಘು ವಸಂತಪುರದಲ್ಲಿ ಮನೆ ಕಟ್ಟಿಸಿದ. ಗೃಹಪ್ರವೇಶ ಶುಕ್ರವಾರ. ಒಂಬತ್ತೂವರೆಯಿಂದ ಹತ್ತೂಕಾಲರೊಳಗೆ ಹೊಸಿಲು ದಾಟಿ ಹಾಲು ಉಕ್ಕಿಸಬೇಕು. ಹತ್ತೂವರೆಗೆ ರಾಹುಕಾಲ! ಜಯನಗರದ ಶಾಸ್ತ್ರಿಗಳನ್ನು ಕರೆತರುವ ಮಾತು ಬಂದಾಗ ರಘು, “ಕ್ಯಾಬ್ ಬುಕ್ ಮಾಡ್ಬಿಡ್ತೀನಿ ಅಕ್ಕ, ಭಾವಂಗ್ಯಾಕೆ ತೊಂದ್ರೆ?” ಎಂದ. ತೊಂದರೆ ಎಂದರೆ ನಾನು ಮಾಡುವ ತೊಂದರೆ ಎಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಸುಮಳಿಗೆ ರೋಷ ಬಂತು.

“ಯಾಕೋ? ನಿಮ್ ಭಾವ ಅಷ್ಟೂ ಮಾಡಲ್ವಾ? ಅವ್ರೇ ಕರ್ಕೊಂಡ್ ಬರ್ತಾರೆ, ನನ್ ಮಾತು ಕೇಳು.”

ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಅವಳ ತವರಿನವರು ನನಗೊಪ್ಪಿಸಿದ ಮೊದಲ ಕೆಲಸ. ಹಿಂದಿನ ಸಂಜೆ ತಮ್ಮನ ಮನೆಗೆ ಹೊರಡುವಾಗ ಸುಮ ಬಾಗಿಲಲ್ಲೇ ತಿರುಗಿ ನಿಂತಳು. “ನೋಡ್ರಿ, ಎಲ್ಲರ ಮುಂದೆ ಮಾತು ಕೊಟ್ಟಿದೀನಿ. ನಾಳೆ ಒಂದಿನ ನನ್ ಮರ್ಯಾದೆ ಉಳ್ಸಿ. ಈಗ್ಲೇ ಹೋಗಿ ಪೆಟ್ರೋಲ್ ಹಾಕ್ಸಿ.”

“ಈಗ ಬಿಸಿ ಇರತ್ತೆ ಕಣೇ. ಬೆಳಿಗ್ಗೆ ತಂಪಲ್ಲಿ ಹಾಕಿಸ್ತೀನಿ.”

ಅವಳು ನನ್ನನ್ನು ನೋಡಿದ ನೋಟಕ್ಕೆ ಪೆಟ್ರೋಲ್ ತಾನೇ ಹೊತ್ತಿಕೊಳ್ಳಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಜರಿಯಂಚಿನ ಪಂಚೆ, ರೇಷ್ಮೆ ಶಲ್ಯ ಧರಿಸಿ ಗೇಟು ತೆಗೆದರೆ, ಎದುರು ಮನೆಯ ಗಿರಿಜಮ್ಮ ಎರಡು ಬ್ಯಾಗು, ಒಂದು ಸ್ಟೀಲ್ ಡಬ್ಬ, ಕುಂಡದಲ್ಲಿ ಒಂದು ಕರಿಬೇವಿನ ಸಸಿಯೊಂದಿಗೆ ನಿಂತಿದ್ದರು.

“ಸೀನೂ, ಖಾಲಿ ಸೀಟು ಪೋಲು ಅಂತ ನೀನೇ ಹೇಳಿದ್ಯಲ್ಲಪ್ಪ. ಗೊಟ್ಟಿಗೆರೆ ಮಗಳ ಮನೆಗೆ ಬಿಟ್ಬಿಡು. ವಸಂತಪುರಕ್ಕೆ ಹೋಗೋ ದಾರೀಲೇ ಅಲ್ವಾ?”

ಅಲ್ಲ. ಖಂಡಿತ ಅಲ್ಲ. ವಸಂತಪುರ ಕನಕಪುರ ರಸ್ತೆಯ ಕಡೆ, ಗೊಟ್ಟಿಗೆರೆ ಬನ್ನೇರುಘಟ್ಟ ರಸ್ತೆಯಲ್ಲಿ. ಆದರೆ ನನ್ನ ಉಪದೇಶ ಕೇಳಿ ಬಂದ ಮೊದಲ ಶಿಷ್ಯೆ! ಎಪ್ಪತ್ತು ದಾಟಿದ ಹೆಂಗಸು ಬೇರೆ. “ದಾರೀಲೇ ಬಿಡಿ ಗಿರಿಜಮ್ಮ” ಎಂದು ನನ್ನ ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು.

ಸಸಿಯನ್ನು ಬೀಳದಂತೆ ಕೂರಿಸುವುದರಲ್ಲಿ ಕಾಲು ಗಂಟೆ ಹೋಯಿತು. ಬಂಕಿನ ಮುಂದೆ ಉದ್ದದ ಸಾಲು. ಇರಲಿ, ವಾಪಸು ಬರುವಾಗ ನೋಡಿಕೊಳ್ಳೋಣ, ಕಾರಂತೂ ಹಗುರಾಗಿದೆ ಎಂದು ಮುಂದೆ ಹೋದೆ.

ಜಯನಗರದಲ್ಲಿ ಶಾಸ್ತ್ರಿಗಳು ಹತ್ತಿದರು. ಸ್ಥೂಲಕಾಯರು. ಸಿದ್ಧಾಂತದ ಪ್ರಕಾರ ಉಳಿಸಿದ ಭಾರವೆಲ್ಲ ಒಂದೇ ಸಲ ಮುಂದಿನ ಸೀಟಿನಲ್ಲಿ ಬಂದು ಕುಳಿತಿತು. ಎ.ಸಿ. ಹಾಕಿದರೆ ಪೆಟ್ರೋಲ್ ಖರ್ಚು, ಕಿಟಕಿ ಇಳಿಸಿದರೆ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ ಎಂದು ಎರಡನ್ನೂ ನಿಷೇಧಿಸಿದ್ದೆ. ಒಂದೇ ಸಿಗ್ನಲ್ಲಿಗೆ ಶಾಸ್ತ್ರಿಗಳ ವಿಭೂತಿ ಕರಗಿ ಮೂಗಿಗಿಳಿಯಿತು.

“ಸ್ವಾಮಿ, ಹೋಮ ಅಲ್ಲಿ ಅಂತ ಹೇಳಿದ್ರು. ಇಲ್ಲೇ ಶುರು ಮಾಡಿದೀರಲ್ಲ!”

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಪ್ರತಿ ಸಿಗ್ನಲ್ಲಿಗೂ ಎಂಜಿನ್ ಆಫ್ ಮಾಡಿದೆ. ಹಸಿರು ಬಂದು ಎಂಜಿನ್ ಮತ್ತೆ ಹೊತ್ತಿಕೊಳ್ಳುವ ಹೊತ್ತಿಗೆ ಕೆಂಪು ಬರುತ್ತಿತ್ತು. ಹಿಂದಿನವರು ಹಾರನ್ನಿನಲ್ಲಿ ನನ್ನ ವಂಶವನ್ನೆಲ್ಲ ಸ್ಮರಿಸಿದರು. ಫೋನು ಕುಣಿಯಿತು.

“ಎಲ್ಲಿದೀರ್ರೀ?”

“ಬಂದ್ಬಿಟ್ವಿ ಕಣೇ, ಇಲ್ಲೇ.”

“ಇಲ್ಲೇ ಅಂದ್ರೆ?”

“ಗೊಟ್ಟಿಗೆರೆ.”

ಆ ಕಡೆ ನಾದಸ್ವರ ಜೋರಾಗಿತ್ತು. ಅದನ್ನೂ ಮೀರಿಸಿ ಸುಮ, “ಗೊಟ್ಟಿಗೆರೇಲಿ ಯಾರ ಗೃಹಪ್ರವೇಶ ರೀ?” ಎಂದಳು.

ಗಂಟೆ ಒಂಬತ್ತು ದಾಟಿತ್ತು. ಗಿರಿಜಮ್ಮನವರನ್ನು ಇಳಿಸಿ, ಸೀಟಿನಿಂದ ಏಳದೆಯೇ ಹೊರಡಲು ಸಿದ್ಧನಾದೆ. ಅಷ್ಟರಲ್ಲಿ ಅವರ ಅಳಿಯ ಮಧು ಓಡಿ ಬಂದು ಶಾಸ್ತ್ರಿಗಳ ಕಾಲಿಗೆ ಬಿದ್ದ. “ಗುರುಗಳೇ, ದೇವರೇ ಕಳ್ಸಿದ ಹಾಗೆ ಬಂದಿದೀರ! ನೆನ್ನೆ ತಾನೇ ಹೊಸ ಗಾಡಿ ತಂದೆ. ಎರಡೇ ನಿಮಿಷ, ಒಂದ್ ಪೂಜೆ ಮಾಡ್ಕೊಟ್ಬಿಡಿ.”

“ಮುಹೂರ್ತ ಮೀರತ್ತೆ!” ಎಂದೆ.

“ಮಂಗಳಕಾರ್ಯ ಸ್ವಾಮಿ, ಕೇಳಿದ್ಮೇಲೆ ಇಲ್ಲ ಅನ್ನಬಾರದು” ಎಂದು ಶಾಸ್ತ್ರಿಗಳು ಇಳಿದೇಬಿಟ್ಟರು. ಗಾಳಿ ಕುಡಿಯಲು ಇಳಿದರೆಂದು ನನ್ನ ಅನುಮಾನ.

ಅದು ಎಲೆಕ್ಟ್ರಿಕ್ ಸ್ಕೂಟರ್! “ಪೆಟ್ರೋಲ್ ತಲೆನೋವೇ ಬೇಡ ಅಂತ ತಗೊಂಡ್ಬಿಟ್ಟೆ ಅಂಕಲ್. ನಿಮ್ದು ಎಷ್ಟ್ ಕೊಡತ್ತೆ ಮೈಲೇಜು?” ಎಂದು ಮಧು ಕೇಳಿದ. ಹಾರ ಬಂತು, ಕುಂಕುಮ ಬಂತು, ಚಕ್ರದಡಿ ಇಡಲು ನಿಂಬೆಹಣ್ಣು ಮಾತ್ರ ಮನೆಯಲ್ಲಿರಲಿಲ್ಲ. ತರಕಾರಿ ಅಂಗಡಿಗೆ ಓಡಿದವನು ನಾನೇ. ನಂತರ ಕಾಫಿ. ನಾನು ನಿಂತೇ ಕುಡಿದು ನಾಲಿಗೆ ಸುಟ್ಟುಕೊಂಡೆ. ಶಾಸ್ತ್ರಿಗಳು ಆರಿಸಿ ಆರಿಸಿ ಕುಡಿದರು.

ಒಂಬತ್ತು ಮುಕ್ಕಾಲಿಗೆ ಹೊರಟೆವು. ಅಂಜನಾಪುರದ ಕಡೆಯಿಂದ ನುಗ್ಗಿದರೆ ತಲುಪಬಹುದಿತ್ತು. ಒಂದು ಏರಿನ ನಡುವೆ ಕಾರು ಎರಡು ಸಲ ಬಿಕ್ಕಿತು, ಆಮೇಲೆ ಉಸಿರು ಬಿಟ್ಟಿತು. ಅದಕ್ಕಿಂತ ಹಗುರಾಗಲು ಅದಕ್ಕೆ ಸಾಧ್ಯವಿರಲಿಲ್ಲ.

“ಏನಾಯ್ತು?” ಎಂದರು ಶಾಸ್ತ್ರಿಗಳು.

“ಪೆಟ್ರೋಲ್...”

“ಹಾಕ್ಸಿರ್ಲಿಲ್ವೇ?”

ಸಿದ್ಧಾಂತ ವಿವರಿಸಲು ಬಾಯಿ ತೆರೆದೆ. ಅವರು ಕೈಯೆತ್ತಿ ತಡೆದರು. ಫೋನು ಮತ್ತೆ ಕುಣಿಯಿತು. ಈ ಸಲ ಸುಮ ಕೂಗಾಡಲಿಲ್ಲ. “ಎಲ್ರೂ ಬಾಗಿಲಲ್ಲೇ ನಿಂತಿದೀವಿ. ರಘು ಏನೂ ಕೇಳ್ತಿಲ್ಲ, ಸುಮ್ನೆ ನನ್ ಮುಖ ನೋಡ್ತಿದಾನೆ” ಎಂದಳಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಡುರಸ್ತೆಯಲ್ಲಿ ನಿಂತು ಆಟೋಗಳಿಗೆಲ್ಲ ಕೈ ಬೀಸಿದೆ. ಒಂದೂ ನಿಲ್ಲಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಗಿರಿಜಮ್ಮನವರಿಗೆ ಫೋನ್ ಮಾಡಿದೆ.

ಐದೇ ನಿಮಿಷದಲ್ಲಿ ಮಧು ಬಂದ. ಅದೇ ಸ್ಕೂಟರ್, ಅದರ ಕೊರಳಲ್ಲಿ ಅದೇ ಸೇವಂತಿಗೆ ಹಾರ. ಶಾಸ್ತ್ರಿಗಳು ಪಂಚೆ ಎತ್ತಿಕಟ್ಟಿ, ದರ್ಭೆಯ ಚೀಲ ಅಪ್ಪಿಕೊಂಡು ಹಿಂದೆ ಕುಳಿತರು. ಹೆಲ್ಮೆಟ್ಟಿನೊಳಗೆ ಜುಟ್ಟು ಸೇರಿಸುತ್ತಾ, “ಇದು ಸದ್ದೇ ಮಾಡಲ್ವಲ್ಲ! ಒಳ್ಳೆ ಗಾಳಿನೂ ಬರತ್ತೆ!” ಎಂದರು. ಸ್ಕೂಟರ್ ಏರು ಹತ್ತಿ ಮಾಯವಾಯಿತು. ನಾನು ಕಾರಿನೊಂದಿಗೆ ಉಳಿದೆ.

ಮುಂದಿನದು ಚಿಕ್ಕ ಕಥೆ. ಬಾಟಲಿ ಹಿಡಿದು ನಡೆದುಹೋದರೆ, ಬಂಕಿನವರು ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ ಎಂದರು. ಇಬ್ಬರು ಗಾರೆ ಕೆಲಸದವರು ಕನಿಕರಪಟ್ಟು ಕೈ ಕೊಟ್ಟರು, ಮೂವರೂ ಸೇರಿ ಕಾರನ್ನು ತಳ್ಳಿದೆವು. ಮಧ್ಯೆ ನನ್ನ ಶಲ್ಯ ಚಕ್ರಕ್ಕೆ ಸಿಕ್ಕಿತು, ಪಂಚೆಗೆ ಮಸಿ ಮೆತ್ತಿತು. ಬಂಕ್ ಮುಟ್ಟಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಇಡೀ ಬೆಂಗಳೂರಿನಲ್ಲಿ ಅತ್ಯಂತ ಬಿಸಿಯಾದ ಪೆಟ್ರೋಲನ್ನು ಟ್ಯಾಂಕ್ ತುಂಬಾ ಹಾಕಿಸಿದೆ.

“ಜೀರೋ ನೋಡಿ ಸಾರ್.”

“ಬೆಳಿಗ್ಗೆಯಿಂದ ಅದನ್ನೇ ನೋಡ್ತಿದೀನಪ್ಪ.”

ವಸಂತಪುರ ತಲುಪಿದಾಗ ಬಾಗಿಲಿನ ತೋರಣ ಬಾಡಿತ್ತು. ಹಾಲು ಹತ್ತು ಗಂಟೆ ಹತ್ತು ನಿಮಿಷಕ್ಕೇ ಉಕ್ಕಿತ್ತು. ಶಾಸ್ತ್ರಿಗಳು ಊಟ ಮುಗಿಸಿ ತಾಂಬೂಲ ಮೆಲ್ಲುತ್ತಿದ್ದರು. ರಘು ಮಧುವಿಗೆ ಶಾಲು ಹೊದಿಸಿ, “ನೀವಿಲ್ದಿದ್ರೆ ಇವತ್ತು ನಮ್ ಮರ್ಯಾದೆ ಹೋಗಿರೋದು” ಎಂದು ಕೈ ಹಿಡಿದುಕೊಂಡಿದ್ದ. ನನ್ನನ್ನು ನೋಡಿ, “ಓ ಭಾವ, ಬಂದ್ರಾ?” ಎಂದ. ಅಷ್ಟೇ. ಸುಮ ದೂರದಲ್ಲಿ ಅರಿಶಿನ ಕುಂಕುಮ ಕೊಡುತ್ತಿದ್ದಳು. ನನ್ನತ್ತ ತಿರುಗಲೇ ಇಲ್ಲ.

ಕೊನೆಯ ಪಂಕ್ತಿ ಕುಳಿತಿತ್ತು. ಜಾಗವಿದೆಯೇ ಎಂದು ಎಲೆಗಳ ನಡುವೆ ಹುಡುಕುತ್ತಾ ಹೋಗುತ್ತಿದ್ದಾಗ, ರಘುವಿನ ಮಾವನ ಕಡೆಯ ವೃದ್ಧರೊಬ್ಬರು ನನ್ನ ಮಸಿ ಪಂಚೆಯನ್ನೂ ಬೆವರಿದ ಮುಖವನ್ನೂ ನೋಡಿ, “ಏನಪ್ಪಾ, ಆಗ್ಲಿಂದ ಕೇಳ್ತಿದೀನಿ, ಮಜ್ಜಿಗೆ ಎಲ್ಲಿ?” ಎಂದರು.

ಸುಮ ಆಗ ತಿರುಗಿ ನೋಡಿದಳು. ಇವರು ಬಡಿಸುವವರಲ್ಲ, ಮನೆಯ ಅಳಿಯ ಎಂದು ಅವಳು ಹೇಳುತ್ತಾಳೆಂದು ಒಂದು ಕ್ಷಣ ಕಾದೆ. ಅವಳು ಹತ್ತಿರ ಬಂದು ಮಜ್ಜಿಗೆ ಬಕೆಟ್ಟನ್ನು ನನ್ನ ಕೈಗಿಟ್ಟಳು.

“ಇದನ್ನಾದ್ರೂ ಆ ತುದೀವರೆಗೆ ತಲುಪ್ಸಿ” ಎಂದಳು.

ಮಜ್ಜಿಗೆ ಮೂರನೆಯ ಎಲೆಗೇ ಮುಗಿದುಹೋಯಿತು!