ಮಾಳಿಗೆಯ ಮೇಲಿನ ಕಪ್ಪೆಚಿಪ್ಪು

ತಿಪ್ಪಮ್ಮನ ಕೈಗೆ ಮೊರ ಸಿಕ್ಕರೆ ಯಾವುದೂ ಇದ್ದ ಹಾಗೆ ಉಳಿಯುವುದಿಲ್ಲ. ಅವತ್ತು ಬೆಳಿಗ್ಗೆ ಅವಳ ಮಾಳಿಗೆಯ ಮೇಲೆ ಒಣಗುತ್ತಿದ್ದದ್ದು ಶೇಂಗಾ ಅಲ್ಲ, ಬಾಡಿಗೆಗಿದ್ದ ಚಿತ್ತಯ್ಯನ ಕಪ್ಪೆಚಿಪ್ಪು. ಆದರೂ ತವರುಮನೆ ಧರ್ಮಪುರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಂತೆಯೇ ಹಸನು ಮಾಡಿಬಿಟ್ಟಳು.

ಚಿತ್ತಯ್ಯ ಹಲ್ಲುಜ್ಜುತ್ತಾ ಮೇಲೆ ಬಂದ. "ಅಜ್ಜೀ, ಸಣ್ಣವೆಲ್ಲಿ?"

"ಜೊಳ್ಳು ತೆಗೆದೀನಿ ಕಣಪ್ಪ. ಕೋಳಿಗಾಗ್ತಾವೆ ಅಂತ ಪಕ್ಕದ ಮನೆ ತಾಜ್ ಬೀಗೆ ಕೊಟ್ಟೆ. ಗಟ್ಟಿಯವು ನೋಡು, ಹೆಂಗವೆ!"

ಚಿತ್ತಯ್ಯನ ಬಾಯಿಂದ ಬ್ರಷ್ಷು ಜಾರಿತು. ಕಡಲೂ ಹೊಳೆಯೂ ಬೆರೆಯುವ ಹಿನ್ನೀರಿನಲ್ಲಿ ವರ್ಷವಿಡೀ ಮೊಣಕಾಲುದ್ದ ಕೆಸರು ತುಳಿದು ತಂದ ಚಿಪ್ಪುಗಳವು. ಸಂಜೆ ಅವನ ಗೈಡ್ ಚಿತ್ರಲಿಂಗಪ್ಪನವರು ಬಂದು, ತಮ್ಮೆದುರೇ ಅಳೆಸುವವರಿದ್ದರು. ಒಪ್ಪಿದರೆ ಸಂಶೋಧನೆ ಮುಗಿದಂತೆ. ಇಲ್ಲದಿದ್ದರೆ ಮತ್ತೆ ಕೆಸರು.

"ಕುರಿಹಿಂಡಿನಾಗೆ ಮರಿ ಎಷ್ಟು, ಮುದಿಯವು ಎಷ್ಟು ಅಂತ ನೋಡಲ್ವಾ ಅಜ್ಜೀ? ಇದೂ ಹಂಗೇ! ಸಣ್ಣವು ಇಲ್ಲಾಂದ್ರೆ ಈ ದೊಡ್ಡವು ಇದ್ರೂ ದಂಡ!" ಎಂದು ಕೂಗುತ್ತಲೇ ಮೆಟ್ಟಿಲಿಳಿದು ಓಡಿದ.

"ನಮ್ ಕೋಳಿ ಮೂಸೀನೂ ನೋಡ್ಲಿಲ್ಲ ಬೇಟಾ," ಎಂದಳು ತಾಜ್ ಬೀ. "ನಮ್ ತಮ್ಮ ದಿಲಾವರ್ ಮದಕರಿಪುರಕ್ಕೆ ತಗೊಂಡ್ ಹೋದ. ಅವನ್ ಕೋಳಿ ಕಲ್ಲೂ ಬಿಡಲ್ಲ."

ಚಿತ್ತಯ್ಯ ಸೈಕಲ್ ತುಳಿದ. ದಿಲಾವರನ ಅಂಗಳದಲ್ಲಿ ಹುಂಜವೊಂದು ಚಿಪ್ಪಿನ ರಾಶಿಯ ಮೇಲೆ ಅಮಲ್ದಾರನಂತೆ ನಿಂತಿತ್ತು. ಕೈ ಹಾಕಿದ್ದೇ ತಡ, ಕುಕ್ಕಿತು.

"ಹೆದರ್ಕಬ್ಯಾಡ್ರಿ ಸಾ, ಅದು ಬಾಳ ಸಾಧು," ಎಂದ ದಿಲಾವರ್, ಬಾಗಿಲ ಹಿಂದಿನಿಂದ.

ಹುಂಜದ ಜೊತೆ ಹೋರಾಡಿ, ತಿಪ್ಪೆಯನ್ನೂ ಕೆದಕಿ, ಚೀಲ ತುಂಬಿಕೊಂಡು ಚಿತ್ತಯ್ಯ ಮನೆ ಸೇರುವಾಗ ಸಂಜೆಯಾಗಿತ್ತು. ಚಿತ್ರಲಿಂಗಪ್ಪನವರು ಆಗಲೇ ಜಗಲಿಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಿದ್ದರು.

"ಮರಿಚಿಪ್ಪು ತಂದ್ಯಾ? ಭೇಷ್! ನಿನ್ನ ಕೆಲಸ ಮುಗೀತು ಅನ್ಕೋ. ದೊಡ್ಡವನ್ನೂ ತಾ, ಅಳೆದುಬಿಡಾಣ." ಆಮೇಲೆ ತಿಪ್ಪಮ್ಮನತ್ತ ತಿರುಗಿ, "ಸುಣ್ಣ ಒಳ್ಳೇ ಬೆಣ್ಣೆ ಇದ್ದಂಗೈತಮ್ಮ. ಎಲ್ಲಿ ತಂದ್ರಿ?" ಎಂದರು.

ತಿಪ್ಪಮ್ಮ ಹಿಗ್ಗಿದಳು. "ತಂದಿದ್ದಲ್ಲ ಸ್ವಾಮಿ. ದೊಡ್ಡವು ದಂಡ ಅಂತ ಚಿತ್ತಯ್ಯನೇ ಅಂದ. ನೀವು ಬರ್ತೀರಲ್ಲ ಅಂತ ಹಿತ್ಲಾಗೆ ಬೆರಣಿ ಒಟ್ಟಿ ಎಲ್ಲಾನೂ ಸುಟ್ಟು ಸುಣ್ಣ ಮಾಡ್ದೆ."

ಚಿತ್ರಲಿಂಗಪ್ಪನವರ ದವಡೆ ನಿಂತಿತು. ಬಾಯೊಳಗಿದ್ದದ್ದನ್ನು ಉಗುಳುವಂತಿಲ್ಲ, ನುಂಗುವಂತಿಲ್ಲ.

ಕೆಸರಿಗೆ ಹಾಕಿಕೊಳ್ಳುವ ಹಳೇ ಚಡ್ಡಿ ಎಲ್ಲಿಟ್ಟೆ ಎಂದು ಚಿತ್ತಯ್ಯ ಯೋಚಿಸತೊಡಗಿದ.